ಆಪರೇಷನ್‌ಗೆ ಮೊದಲು ಮೇಜಿನ ಮೇಲೊಂದು ದವಡೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿದ ಮಾದರಿಗಳು ಓದುಗರ ಎದುರಿಗೆ ಇಲ್ಲದ್ದರಿಂದ ಅಲ್ಲಲ್ಲಿ ವಿವರಣೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಿಂದ ಈಗ ಒಂದು ಕೆಳದವಡೆ ಹಿಂದಕ್ಕೆ ಬರುತ್ತಿದೆ. ರೆಸಿನ್ ಎಂಬ ಪ್ಲಾಸ್ಟಿಕ್‌ನಿಂದ 3ಡಿ ಪ್ರಿಂಟರಿನಲ್ಲಿ ಮಾಡಿದ್ದು, ಗಾಬರಿ ಬೇಡ. ಕಲಿಸುವುದಕ್ಕೆಂದೇ ಹೆಸರು, ಊರು ಅಳಿಸಿ ಕೊಟ್ಟ ಸಿಟಿ ಸ್ಕ್ಯಾನ್ ಒಂದರಿಂದ ತಯಾರಾದದ್ದು. ಕೈಗೆ ಬಂದಾಗ ಸುಮ್ಮನೆ ನೋಡಿ ದಾಟಿಸಬೇಡಿ, ಬೆರಳಾಡಿಸಿ. ಬಲಗಡೆಯ ಅಂಚು ನುಣುಪಾಗಿ ಸಾಗುತ್ತದೆ. ಎಡಗಡೆ ದವಡೆಹಲ್ಲುಗಳ ಕೆಳಗೆ ಮೂಳೆ ಹೊರಕ್ಕೆ ಉಬ್ಬಿದೆ. ಆ ಉಬ್ಬಿನ ಮೇಲೆ ಹೆಬ್ಬೆರಳಿಟ್ಟರೆ ಅಲ್ಲಲ್ಲಿ ತೂತುಗಳು ಸಿಗುತ್ತವೆ. ಆ ತೂತುಗಳನ್ನು ನೆನಪಿಟ್ಟುಕೊಳ್ಳಿ, ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಇನ್ನು ಕೋರೆಹಲ್ಲಿನಿಂದ ಸ್ವಲ್ಪ ಹಿಂದೆ, ಎರಡೂ ಬದಿಯಲ್ಲಿ ಒಂದೊಂದು ಪುಟ್ಟ ರಂಧ್ರ ಕಾಣುತ್ತದಲ್ಲ, ಅದು ರೋಗದ್ದಲ್ಲ. ನಮ್ಮೆಲ್ಲರಿಗೂ ಇದೆ. ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಅಲ್ಲಿಂದ ಹೊರಬರುತ್ತದೆ. ಅದು ತುಂಡಾದರೆ ಕುಡಿದ ಕಾಫಿ ತುಟಿಯಿಂದ ಸೋರಿದರೂ ಗೊತ್ತಾಗುವುದಿಲ್ಲ.

ನಾನು ವೈದ್ಯನಲ್ಲ, ಎಂಜಿನಿಯರ್. ಶಸ್ತ್ರವೈದ್ಯರ ಜೊತೆ ಕುಳಿತು ಇಂಥ ಮಾದರಿಗಳನ್ನು ಮಾಡಿಕೊಡುವುದು ನನ್ನ ಕೆಲಸ. "3ಡಿ ಪ್ರಿಂಟಿಂಗ್ ಬಗ್ಗೆ ಮಾತಾಡಿ" ಎಂದು ಕರೆದಿದ್ದೀರಿ, ಖಂಡಿತ ಮಾತಾಡುತ್ತೇನೆ. ಆದರೆ ನಿಮ್ಮ ಕೈಯಲ್ಲಿರುವ ದವಡೆಯಲ್ಲಿ ಪ್ರಿಂಟರಿನ ಪಾಲು ಕಡಿಮೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕ್ಯಾನಿನ ಬೂದು ಛಾಯೆಗಳಲ್ಲಿ ಮೂಳೆ ಎಲ್ಲಿಗೆ ಮುಗಿಯುತ್ತದೆ, ಗೆಡ್ಡೆ ಎಲ್ಲಿಂದ ಶುರುವಾಗುತ್ತದೆ ಎಂದು ಯಾರೋ ಕೂತು ತೀರ್ಮಾನಿಸಿದ್ದಾರೆ. ಆ ತೀರ್ಮಾನವನ್ನೇ ಪ್ರಿಂಟರ್ ರೆಸಿನ್‌ನಲ್ಲಿ ಕಟ್ಟಿಕೊಟ್ಟಿದೆ. ತೀರ್ಮಾನ ತಪ್ಪಿದ್ದರೆ ತಪ್ಪನ್ನೂ ಅಷ್ಟೇ ಅಂದವಾಗಿ ಕಟ್ಟಿಕೊಡುತ್ತದೆ.

ಮೊದಲು ಈ ದವಡೆಗೆ ಆಪರೇಷನ್ ಹೇಗೆ ಮಾಡುತ್ತಾರೆ ಎಂಬುದನ್ನು ನೋಡೋಣ. ಇಲ್ಲಿರುವುದು ಅಮಿಲೋಬ್ಲಾಸ್ಟೋಮಾ. ಹಲ್ಲು ಹುಟ್ಟಿಸುವ ಅಂಗಾಂಶದಿಂದ ಬೆಳೆಯುವ ಗೆಡ್ಡೆ. ಸಾಮಾನ್ಯವಾಗಿ ಬೇರೆ ಅಂಗಗಳಿಗೆ ಹರಡುವುದಿಲ್ಲ. ಆದರೆ ಇದ್ದ ಜಾಗದಲ್ಲೇ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ, ಸ್ವಲ್ಪ ಉಳಿದರೂ ಮತ್ತೆ ಬೆಳೆಯುತ್ತದೆ. ಹಾಗಾಗಿ ಸುತ್ತಲಿನ ಒಳ್ಳೆಯ ಮೂಳೆಯನ್ನೂ ಸೇರಿಸಿ ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಬಾಯಿ ಕ್ಯಾನ್ಸರ್ ದವಡೆಗೆ ಇಳಿದಾಗಲೂ ಇದೇ ಗತಿ. ನಮ್ಮ ನಾಡಿನಲ್ಲಿ ಬಾಯಿ ಕ್ಯಾನ್ಸರ್ ಎಷ್ಟು ಮನೆಗಳಿಗೆ ಹೊಕ್ಕಿದೆ ಎಂಬುದು ನಿಮಗೇ ಗೊತ್ತಿದೆ. ಹೊಗೆಸೊಪ್ಪು, ಗುಟ್ಕಾ ಸರಿ, ಅವುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಅಡಿಕೆ ಬೆಳೆದು ಬದುಕುವ ನಾಡಿನಲ್ಲಿ ನಿಂತು ಹೀಗೆ ಹೇಳುವುದು ಸುಲಭವಲ್ಲ. ಆದರೂ ದವಡೆ ಕಳೆದುಕೊಂಡವರನ್ನು ಹತ್ತಿರದಿಂದ ನೋಡಿದ ಮೇಲೆ ಹೇಳದೆ ಇರಲಾರೆ.

ದವಡೆಯ ತುಂಡೊಂದನ್ನು ತೆಗೆದ ಕೂಡಲೇ ಉಳಿದ ಭಾಗಗಳು ನೆಲೆ ತಪ್ಪುತ್ತವೆ. ಅಗಿಯುವ ಸ್ನಾಯುಗಳು ಒಂದು ತುಂಡನ್ನು ಒಳಕ್ಕೂ ಮೇಲಕ್ಕೂ ಎಳೆಯುತ್ತವೆ. ಮುಖ ಓರೆಯಾಗುತ್ತದೆ, ಹಲ್ಲಿಗೆ ಹಲ್ಲು ಕೂಡುವುದಿಲ್ಲ. ಅದನ್ನು ತಡೆಯಲು ಟೈಟಾನಿಯಂ ಪ್ಲೇಟೊಂದನ್ನು ದವಡೆಯ ತಿರುವಿಗೆ ಸರಿಯಾಗಿ ಬಗ್ಗಿಸಿ, ಎರಡೂ ತುದಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ನಡುವಿನ ಖಾಲಿ ಜಾಗಕ್ಕೆ ಕಾಲಿನಿಂದ ಮೂಳೆ ತರುತ್ತಾರೆ. ಮೊಣಕಾಲಿನ ಕೆಳಗೆ ಎರಡು ಮೂಳೆ ಇವೆಯಲ್ಲ, ಅದರಲ್ಲಿ ಹೊರಬದಿಯ ಸಣ್ಣದು ಫಿಬ್ಯುಲಾ. ಮೈಭಾರದ ಹೆಚ್ಚಿನ ಪಾಲನ್ನು ದಪ್ಪ ಮೂಳೆಯೇ ಹೊರುವುದರಿಂದ, ಪಾದದ ಗಂಟಿನ ಹತ್ತಿರ ಆರೆಂಟು ಸೆಂಟಿಮೀಟರ್ ಉಳಿಸಿ, ಮಂಡಿಯ ಹತ್ತಿರವೂ ಸ್ವಲ್ಪ ಬಿಟ್ಟು, ನಡುವಿನದನ್ನು ರಕ್ತನಾಳದ ಸಮೇತ ತೆಗೆಯಬಹುದು. ದವಡೆ ಕಟ್ಟಲು ಹೀಗೆ ಫಿಬ್ಯುಲಾ ಬಳಸುವ ವಿಧಾನವನ್ನು 1989ರಲ್ಲಿ ಅಮೆರಿಕದ ಶಸ್ತ್ರವೈದ್ಯ ಡೇವಿಡ್ ಹಿಡಾಲ್ಗೊ ಪ್ರಕಟಿಸಿದರು. ಈಗ ಅದು ಜಗತ್ತಿನ ಎಲ್ಲೆಡೆ ರೂಢಿಯಲ್ಲಿದೆ.

ಕಷ್ಟ ಎಲ್ಲಿ ಎಂದರೆ, ಫಿಬ್ಯುಲಾ ನೇರವಾಗಿದೆ, ದವಡೆ ಬಾಗಿದೆ. ನೇರ ಮೂಳೆಯನ್ನು ಎರಡೋ ಮೂರೋ ತುಂಡು ಮಾಡಿ, ತುಂಡುಗಳು ಒಂದಕ್ಕೊಂದು ಕೂಡುವಂತೆ ಓರೆಯಾಗಿ ಕೊಯ್ದು, ದವಡೆಯ ಬಾಗು ತರಬೇಕು. ಹಾಗೆ ಕೊಯ್ಯುವಾಗ ಮೂಳೆಗೆ ಅಂಟಿಕೊಂಡ ರಕ್ತನಾಳಕ್ಕೆ ಗಾಯವಾಗಬಾರದು. ನಾಳವನ್ನು ಕಾಲಿನಲ್ಲಿ ಕತ್ತರಿಸಿದ ಗಳಿಗೆಯಿಂದ ಕುತ್ತಿಗೆಯ ನಾಳಕ್ಕೆ ಹೊಲಿಯುವವರೆಗೂ ಆ ಮೂಳೆಗೆ ರಕ್ತವಿಲ್ಲ. ಗಡಿಯಾರ ಓಡುತ್ತಿರುತ್ತದೆ.

ಮಾದರಿ ಇಲ್ಲದ ಕಾಲದಲ್ಲಿ ಪ್ಲೇಟು ಬಗ್ಗಿಸುವ ಕೆಲಸ ಆಪರೇಷನ್ ಕೋಣೆಯಲ್ಲೇ (ಓಟಿ), ರೋಗಿಯ ದವಡೆ ತೆರೆದಿರುವಾಗಲೇ ನಡೆಯುತ್ತಿತ್ತು. ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ಹಾಗೆಯೇ ನಡೆಯುತ್ತದೆ. ಎರಡು ಇಕ್ಕಳದ ನಡುವೆ ಪ್ಲೇಟು ಹಿಡಿದು ಸ್ವಲ್ಪ ಬಗ್ಗಿಸಬೇಕು, ದವಡೆಗೆ ಆನಿಸಿ ನೋಡಬೇಕು, ತೆಗೆದು ತಿರುಚಬೇಕು, ಮತ್ತೆ ಆನಿಸಬೇಕು. ಲೋಹವನ್ನು ಹಿಂದೆ ಮುಂದೆ ಹೆಚ್ಚು ಬಗ್ಗಿಸಿದಷ್ಟೂ ಅದು ದಣಿಯುತ್ತದೆ, ವರ್ಷಗಳ ನಂತರ ಅಗಿಯುವ ಭಾರಕ್ಕೆ ಅದೇ ಜಾಗದಲ್ಲಿ ಮುರಿಯುವ ಸಂಭವ ಹೆಚ್ಚುತ್ತದೆ. ನಿಮ್ಮ ಕೈಯಲ್ಲಿರುವಂಥ ದವಡೆಯಲ್ಲಿ ಇನ್ನೊಂದು ತೊಡಕಿದೆ. ಗೆಡ್ಡೆ ಉಬ್ಬಿರುವುದೇ ಪ್ಲೇಟು ಕೂರಬೇಕಾದ ಹೊರಮೈಯಲ್ಲಿ. ಉಬ್ಬಿನ ಮೇಲೆ ಬಗ್ಗಿಸಿದರೆ ಮುಖವೂ ಉಬ್ಬಿಕೊಂಡೇ ಉಳಿಯುತ್ತದೆ. ಉಬ್ಬನ್ನು ತೆಗೆದಮೇಲೆ ಬಗ್ಗಿಸೋಣವೆಂದರೆ ಅಳತೆಗೆ ಮೂಳೆಯೇ ಇರುವುದಿಲ್ಲ.

ಮಾದರಿ ಇದ್ದರೆ ಈ ಕೆಲಸವೆಲ್ಲ ಹಿಂದಿನ ದಿನವೇ ಮುಗಿಯುತ್ತದೆ. ಕಂಪ್ಯೂಟರಿನಲ್ಲಿ ಬಲಗಡೆಯ ಒಳ್ಳೆಯ ದವಡೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಡಗಡೆ ಕೂರಿಸುತ್ತೇವೆ. ರೋಗ ಬರುವ ಮೊದಲು ಅಲ್ಲಿ ಇದ್ದಿರಬಹುದಾದ ಮೂಳೆ ಹೆಚ್ಚುಕಡಿಮೆ ಅದೇ. ಅದನ್ನು ಪ್ರಿಂಟ್ ಮಾಡಿದರೆ ವೈದ್ಯರು ತಮ್ಮ ಕೋಣೆಯಲ್ಲಿ ಕುಳಿತು, ಆತುರವಿಲ್ಲದೆ, ಅದರ ಮೇಲೆ ಪ್ಲೇಟು ಬಗ್ಗಿಸಬಹುದು. ಯಾವ ತೂತಿಗೆ ಎಷ್ಟು ಉದ್ದದ ಸ್ಕ್ರೂ ಬೇಕು ಎಂಬುದನ್ನೂ ಅಲ್ಲೇ ಅಳೆದು ಬರೆದಿಟ್ಟುಕೊಳ್ಳುತ್ತಾರೆ. ಬಗ್ಗಿಸಿದ ಪ್ಲೇಟು ಕ್ರಿಮಿಶುದ್ಧಿಗೆ ಹೋಗುತ್ತದೆ, ಮರುದಿನ ನೇರವಾಗಿ ದವಡೆಯ ಮೇಲೆ ಕೂರುತ್ತದೆ. ಒಂದು ಹೆಜ್ಜೆ ಮುಂದೆ ಹೋಗಿ, ಫಿಬ್ಯುಲಾವನ್ನು ಎಲ್ಲಿ ಯಾವ ಕೋನದಲ್ಲಿ ಕೊಯ್ಯಬೇಕೆಂದು ತೋರಿಸುವ ಸೀಳು ಇರುವ ಅಚ್ಚುಗಳನ್ನೂ ಪ್ರಿಂಟ್ ಮಾಡಬಹುದು. ಅವನ್ನು ಕಟಿಂಗ್ ಗೈಡ್ ಎನ್ನುತ್ತಾರೆ. ಎರಡನೆಯ ಸಾಲಿನಲ್ಲಿ ಸುತ್ತುತ್ತಿರುವ ಚಿಕ್ಕ ಡಬ್ಬಿಯಲ್ಲಿ ಒಂದಿದೆ, ನೋಡಿ. ಆ ಸೀಳಿನಲ್ಲಿ ಗರಗಸದ ಅಲಗು ಮಾತ್ರ ಹೋಗುತ್ತದೆ, ಅತ್ತಿತ್ತ ಅಲುಗುವುದಿಲ್ಲ.

ಇದು ಮೊನ್ನೆ ಮೊನ್ನೆ ಬಂದದ್ದು ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಸಿಟಿ ಚಿತ್ರ ತೆಗೆಯಿತು. ಆ ಚಿತ್ರದಲ್ಲಿ ಉದ್ದಕ್ಕೆ 80, ಅಡ್ಡಕ್ಕೆ 80 ಚುಕ್ಕೆ. ಇವತ್ತಿನ ಸಾಮಾನ್ಯ ಸ್ಕ್ಯಾನಿನಲ್ಲಿ 512ಕ್ಕೆ 512. ಇನ್ನೊಂದು ದಿಕ್ಕಿನಲ್ಲಿ ಜಪಾನಿನ ನಗೋಯಾದಲ್ಲಿ ಹಿಡೆಯೊ ಕೊಡಾಮಾ, ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವದಿಂದ ಪದರ ಪದರವಾಗಿ ವಸ್ತು ಕಟ್ಟುವ ವಿಧಾನವನ್ನು 1981ರಲ್ಲಿ ಪ್ರಕಟಿಸಿದರು. ಅಮೆರಿಕದ ಚಕ್ ಹಲ್ ಅದೇ ದಾರಿಯಲ್ಲಿ ಸ್ಟೀರಿಯೊಲಿಥೋಗ್ರಫಿ ರೂಪಿಸಿ 1986ರಲ್ಲಿ ಪೇಟೆಂಟ್ ಪಡೆದರು. ಕಾರು, ವಿಮಾನ ತಯಾರಿಸುವವರು ಹೊಸ ಭಾಗವನ್ನು ಅಚ್ಚು ಹಾಕುವ ಮೊದಲು ಬೇಗನೆ ಒಂದು ಮಾದರಿ ಮಾಡಿ ನೋಡಲಿ ಎಂಬುದು ಉದ್ದೇಶ. ರ್‍ಯಾಪಿಡ್ ಪ್ರೊಟೊಟೈಪಿಂಗ್ ಎಂಬ ಹೆಸರು ಬಂದದ್ದು ಹಾಗೆ.

ಸಿಟಿ ಸ್ಕ್ಯಾನ್ ದೇಹವನ್ನು ಸೌತೆಕಾಯಿ ಬಿಲ್ಲೆಗಳ ಹಾಗೆ ಅಡ್ಡಡ್ಡ ಸೀಳಿ ತೋರಿಸುತ್ತದೆ. ಈ ಹೊಸ ಯಂತ್ರ ಅಂಥದೇ ಪದರಗಳನ್ನು ಒಂದರ ಮೇಲೊಂದು ಪೇರಿಸಿ ವಸ್ತು ಕಟ್ಟುತ್ತದೆ. ಇವೆರಡನ್ನೂ ಜೋಡಿಸುವ ಯೋಚನೆ ಬರದೆ ಇರಲು ಸಾಧ್ಯವೇ ಇರಲಿಲ್ಲ. 1990ರ ಹೊತ್ತಿಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಹೀಗೆ ಮಾಡಿದ ಅಂಗರಚನೆಯ ಮಾದರಿಗಳ ಬಗ್ಗೆ ಬರೆಯಿತು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಅದೇ ವರ್ಷ ಹುಟ್ಟಿದ ಮೆಟೀರಿಯಲೈಸ್ ಕಂಪನಿ ಸ್ಕ್ಯಾನನ್ನು ಮಾದರಿಯಾಗಿ ಬದಲಿಸುವ ಸಾಫ್ಟ್‌ವೇರ್ ತಂದಿತು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಪಾಲ್ ಡರ್ಸೊ ಎಂಬ ಶಸ್ತ್ರವೈದ್ಯರು ತಲೆಬುರುಡೆ ಮತ್ತು ಮುಖದ ತೊಂದರೆಯಿದ್ದ 45 ರೋಗಿಗಳಿಗೆ ಮಾದರಿ ಮಾಡಿಸಿ, ಬರಿಯ ಚಿತ್ರ ನೋಡಿದಾಗ ಏನು, ಮಾದರಿ ಹಿಡಿದಾಗ ಏನು ಎಂದು ಹೋಲಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಪರೇಷನ್ ಸಮಯ ಸರಾಸರಿ ಶೇ 17.63ರಷ್ಟು ಕಡಿಮೆಯಾಯಿತೆಂದು ಶಸ್ತ್ರವೈದ್ಯರು ಅಂದಾಜಿಸಿದ್ದರು. ಮಾದರಿಯೊಂದಕ್ಕೆ ಆಗ ಸುಮಾರು 1,000 ಆಸ್ಟ್ರೇಲಿಯನ್ ಡಾಲರ್ ಬಿದ್ದಿತ್ತು. ಆ ಶೇಕಡಾ ಲೆಕ್ಕ ಗಡಿಯಾರ ಹಿಡಿದು ಅಳೆದದ್ದಲ್ಲ, ವೈದ್ಯರ ಅಂದಾಜು. ಅದನ್ನು ಉಲ್ಲೇಖಿಸುವಾಗ ಈ ಮಾತನ್ನು ಬಿಡಬಾರದು.

2009ರ ಸುಮಾರಿಗೆ ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಹಾಕುವ ವಿಧಾನದ ಮೂಲ ಪೇಟೆಂಟ್ ಅವಧಿ ಮುಗಿಯಿತು, ಯಂತ್ರಗಳ ಬೆಲೆ ಇಳಿಯಿತು. ಈಗ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳ ಮೇಜಿನ ಮೇಲೂ ಪ್ರಿಂಟರ್ ಇದೆ. ಪ್ರಿಂಟರಿನ ಬಗ್ಗೆ ಇಷ್ಟು ಸಾಕು.

ಇನ್ನು ಆ ತೂತುಗಳ ವಿಷಯ.

ಸಿಟಿ ಸ್ಕ್ಯಾನಿನ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ, ಹೌನ್ಸ್‌ಫೀಲ್ಡ್ ಅವರ ಹೆಸರಿನದೇ ಮಾನ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಆಸುಪಾಸು, ಸ್ನಾಯುವಿಗೆ 50ರ ಸುತ್ತಮುತ್ತ, ಗಟ್ಟಿ ಮೂಳೆಗೆ 1000 ದಾಟುತ್ತದೆ. ಕಂಪ್ಯೂಟರಿಗೆ ನಾವು "200ಕ್ಕಿಂತ ಮೇಲಿರುವುದೆಲ್ಲ ಮೂಳೆ" ಎಂದು ಹೇಳಿದರೆ ಕ್ಷಣದಲ್ಲಿ ಅದು ಮೂಳೆಯನ್ನಷ್ಟೇ ಬಿಡಿಸಿ ಕೊಡುತ್ತದೆ. ನೋಡಿದವರಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಅಸಲಿಗೆ ಅಲ್ಲಿಂದಲೇ ಶುರು.

ಒಂದು ಚುಕ್ಕೆ ಅರ್ಧ ಮಿಲಿಮೀಟರ್ ಅಗಲ ಇದೆ ಎಂದುಕೊಳ್ಳಿ. ಅಲ್ಲಿರುವ ಮೂಳೆ ಕಾಲು ಮಿಲಿಮೀಟರ್ ದಪ್ಪ, ಉಳಿದದ್ದು ಕೊಬ್ಬು. ಸ್ಕ್ಯಾನರ್ ಎರಡನ್ನೂ ಬೆರೆಸಿ ನಡುವಿನ ಒಂದು ಸಂಖ್ಯೆ ಬರೆಯುತ್ತದೆ. ಆ ಸಂಖ್ಯೆ 200ಕ್ಕಿಂತ ಕೆಳಗಿಳಿದರೆ ನಮ್ಮ ಮಾದರಿಯಲ್ಲಿ ಅಲ್ಲಿ ಮೂಳೆ ಮಾಯ. ಕಣ್ಣಿನ ಗೂಡಿನ ನೆಲ ಮತ್ತು ಮೂಗಿನ ಕಡೆಯ ಗೋಡೆ ಅಷ್ಟು ತೆಳು. ಆರೋಗ್ಯವಂತರ ತಲೆಬುರುಡೆಯನ್ನು ಈ ರೀತಿ ಪ್ರಿಂಟ್ ಮಾಡಿದರೂ ಅಲ್ಲಿ ದೊಡ್ಡ ತೂತು ಕಾಣುತ್ತದೆ. ಅಪಘಾತದಲ್ಲಿ ಕಣ್ಣಿನ ಗೂಡಿನ ನೆಲ ಒಡೆದ ರೋಗಿಯ ಮಾದರಿಯಲ್ಲಿ ನಿಜವಾದ ಒಡಕಿನ ಪಕ್ಕದಲ್ಲೇ ಇಂಥ ಸುಳ್ಳು ತೂತೂ ಇರುತ್ತದೆ. ಎಷ್ಟು ಅಗಲದ ಜಾಲರಿ ಹಾಕಬೇಕೆಂದು ವೈದ್ಯರು ಅಳೆಯಲು ಹೊರಟರೆ ಯಾವ ಅಂಚಿನಿಂದ ಅಳೆಯುವುದು?

ನಿಮ್ಮ ಕೈಯಲ್ಲಿರುವ ದವಡೆಯ ಉಬ್ಬಿನ ಮೇಲೂ ಅದೇ ಪ್ರಶ್ನೆ. ಕೆಲವು ತೂತುಗಳನ್ನು ಗೆಡ್ಡೆಯೇ ಕೊರೆದಿದೆ. ಕೆಲವು ಕಡೆ ಮೂಳೆ ಕಾಗದದಷ್ಟು ತೆಳುವಾಗಿ ಉಳಿದಿದೆ, ಸ್ಕ್ಯಾನಿನ ಸಂಖ್ಯೆಯಲ್ಲಿ ಅದು ಕಾಣಿಸಿಲ್ಲ. ಎರಡನ್ನೂ ಬೇರೆ ಮಾಡಲು ಒಂದೊಂದೇ ಪದರ ತೆರೆದು, ಆ 200ರ ಮಿತಿಯನ್ನು ಹೆಚ್ಚು ಕಡಿಮೆ ಮಾಡಿ, ಅನುಮಾನ ಬಂದಲ್ಲಿ ಸ್ಕ್ಯಾನ್ ಓದುವ ವೈದ್ಯರಾದ ರೇಡಿಯಾಲಜಿಸ್ಟ್ ಹತ್ತಿರ ಹೋಗಿ ಕೇಳಬೇಕು. ಗೆಡ್ಡೆ ಮೂಳೆಯನ್ನು ದಾಟಿ ಹೊರಗಿನ ಅಂಗಾಂಶಕ್ಕೆ ಹೋಗಿದ್ದರೆ ಶಸ್ತ್ರವೈದ್ಯರು ಅಲ್ಲಿಯದನ್ನೂ ತೆಗೆಯಬೇಕಾಗುತ್ತದೆ. ಹಾಗಾಗಿ ಒಂದು ತೂತು ನಿಜವೋ ಅಲ್ಲವೋ ಎಂಬುದು ಸಣ್ಣ ವಿಷಯವಲ್ಲ. ಈ ಕೆಲಸಕ್ಕೆ ಸೆಗ್ಮೆಂಟೇಶನ್ ಎಂದು ಹೆಸರು. ಪ್ರಿಂಟರ್ ರಾತ್ರಿಯೆಲ್ಲ ತನ್ನ ಪಾಡಿಗೆ ಓಡುತ್ತದೆ, ಅದರ ಜೊತೆ ಯಾರೂ ಕೂರಬೇಕಿಲ್ಲ. ಸೆಗ್ಮೆಂಟೇಶನ್‌ಗೆ ಮನುಷ್ಯ ಕೂರಲೇಬೇಕು.

ಹಲ್ಲಿಗೆ ಬೆಳ್ಳಿ ತುಂಬಿಸಿಕೊಂಡವರ ಸ್ಕ್ಯಾನ್ ಇನ್ನೂ ಕಷ್ಟ. ಲೋಹದಿಂದ ನಾಲ್ಕು ದಿಕ್ಕಿಗೂ ಬಿಳಿ ಗೀರುಗಳು ಹೊಮ್ಮುತ್ತವೆ. ಕಂಪ್ಯೂಟರ್ ಅವನ್ನೂ ಮೂಳೆ ಎಂದುಕೊಂಡು ಹಲ್ಲಿನ ಸಾಲಿನ ಮೇಲೆ ಮುಳ್ಳು ಬೆಳೆಸಿಬಿಡುತ್ತದೆ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕಚ್ಚಿಕೊಂಡಿರುವಾಗ ಸ್ಕ್ಯಾನ್ ಮಾಡಿದ್ದರೆ ಎರಡೂ ಅಂಟಿಕೊಂಡು ಒಂದೇ ಮುದ್ದೆ. ಹಲ್ಲುಗಳ ಅಚ್ಚು ಬೇರೆಯಾಗಿ ತೆಗೆಸಿ, ಅದನ್ನು ಸ್ಕ್ಯಾನ್ ಮಾಡಿ, ಮಾದರಿಯ ಹಲ್ಲಿನ ಜಾಗಕ್ಕೆ ಕೂರಿಸುವುದೇ ಒಳ್ಳೆಯದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. "ನಮ್ಮ ಪ್ರಿಂಟರಿನ ಪದರ 0.05 ಮಿಲಿಮೀಟರ್, ಅಷ್ಟು ನಿಖರ" ಎಂದು ಮಾರುವವರು ಹೇಳುತ್ತಾರೆ. ಪದರ ಎಷ್ಟೇ ತೆಳುವಿರಲಿ, ಬಂದ ಸ್ಕ್ಯಾನಿನ ಪದರ 5 ಮಿಲಿಮೀಟರ್ ಇದ್ದರೆ ನಡುವಿನದೆಲ್ಲ ಕಂಪ್ಯೂಟರಿನ ಊಹೆ. ಮಾದರಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಅದನ್ನು ಉಜ್ಜಿ ನುಣುಪು ಮಾಡಿದರೆ ನೋಡಲು ಚೆನ್ನ, ಆದರೆ ಇಲ್ಲದ ಮೂಳೆಯನ್ನು ನಾವೇ ಬರೆದಂತಾಯಿತು. ಮುಖದ ಮೂಳೆಗೆ 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಪದರಗಳು, ನಡುವೆ ಸಂದಿಯಿಲ್ಲದೆ, ಬೇಕು. ಇದನ್ನು ಸ್ಕ್ಯಾನ್ ಮಾಡುವ ಮೊದಲೇ ಹೇಳಬೇಕು. ನಮ್ಮಲ್ಲಿ ಊರಿನಿಂದ ಬರುವ ರೋಗಿಗಳು ದೊಡ್ಡ ಕವರಿನಲ್ಲಿ ಫಿಲ್ಮುಗಳನ್ನು ಜೋಪಾನವಾಗಿ ಮಡಿಲಲ್ಲಿಟ್ಟುಕೊಂಡು ತರುತ್ತಾರೆ. ಆ ಫಿಲ್ಮಿನಿಂದ ಮಾದರಿ ಮಾಡಲಾಗುವುದಿಲ್ಲ. ಡೈಕಾಮ್ ಎಂಬ ರೂಪದಲ್ಲಿರುವ ಮೂಲ ಕಡತ ಬೇಕು. ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆಯದಿದ್ದರೆ ಮತ್ತೆ ಸ್ಕ್ಯಾನ್, ಮತ್ತೆ ಖರ್ಚು, ಮತ್ತೆ ಕಿರಣ.

ಮೂಳೆಯ ಮಾತಾಯಿತು. ಹೃದಯಕ್ಕೂ ಮಾದರಿ ಮಾಡುತ್ತಾರೆ. ಅಲ್ಲಿ ಬೇರೆಯದೇ ಜಾಣ್ಮೆ ಬೇಕು. ಹುಟ್ಟಿನಿಂದಲೇ ಹೃದಯದ ಕೋಣೆಗಳೂ ನಾಳಗಳೂ ತಪ್ಪಾಗಿ ಜೋಡಿಕೊಂಡ ಮಕ್ಕಳಿರುತ್ತಾರೆ. ಉದಾಹರಣೆಗೆ ಎರಡು ಮಹಾನಾಳಗಳೂ ಬಲಗಡೆಯ ಕೋಣೆಯಿಂದಲೇ ಹೊರಡುವ ಸ್ಥಿತಿ. ಎಡಗಡೆಯ ಶುದ್ಧ ರಕ್ತ, ಗೋಡೆಯಲ್ಲಿರುವ ತೂತಿನ ಮೂಲಕ, ಸರಿಯಾದ ನಾಳಕ್ಕೆ ಹೋಗುವಂತೆ ಒಳಗೊಂದು ಸುರಂಗ ಕಟ್ಟಬೇಕು. ತೂತು ಮತ್ತು ನಾಳ ಎಷ್ಟು ದೂರ, ನಡುವೆ ಕವಾಟದ ದಾರಗಳು ಅಡ್ಡ ಬರುತ್ತವೆಯೇ ಎಂಬುದರ ಮೇಲೆ ಆ ಸುರಂಗ ಸಾಧ್ಯವೋ ಅಲ್ಲವೋ ನಿರ್ಧಾರವಾಗುತ್ತದೆ. ಸ್ಕ್ಯಾನಿನಲ್ಲಿ ಎದ್ದು ಕಾಣಲೆಂದು ನಾಳಕ್ಕೆ ಚುಚ್ಚಿದ ದ್ರವ ಬೆರೆತ ರಕ್ತ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಆ ರಕ್ತದ ಆಕಾರದ ಹೊರಗೆ ಒಂದೆರಡು ಮಿಲಿಮೀಟರ್ ದಪ್ಪದ ಗೋಡೆ ಎಳೆದು, ರಕ್ತವನ್ನು ತೆಗೆದುಬಿಟ್ಟರೆ ಟೊಳ್ಳು ಹೃದಯ ಸಿಗುತ್ತದೆ. ಒಳಗಿನ ಮೈ ನಿಜ, ಹೊರಗಿನ ದಪ್ಪ ನಮ್ಮದು. ಕವಾಟದ ತೆಳು ಎಸಳುಗಳು, ಅವುಗಳ ದಾರಗಳು ಸಾಮಾನ್ಯವಾಗಿ ಬರುವುದೇ ಇಲ್ಲ. ಈ ಮಾತನ್ನು ಮಾದರಿಯ ಜೊತೆಗೇ ಬರೆದು ಕೊಡಬೇಕು.

ಈ ಬಗ್ಗೆ 2017ರಲ್ಲಿ ಹತ್ತು ಆಸ್ಪತ್ರೆಗಳು ಸೇರಿ ನಡೆಸಿದ ಅಂತಾರಾಷ್ಟ್ರೀಯ ಅಧ್ಯಯನವೊಂದು ಪ್ರಕಟವಾಯಿತು. ತೀರಾ ಜಟಿಲವಾದ 40 ಹೃದಯಗಳು. ಮೊದಲು ಚಿತ್ರಗಳನ್ನು ನೋಡಿ ಆಪರೇಷನ್ ಯೋಜನೆ, ಆಮೇಲೆ ಮಾದರಿ ಹಿಡಿದು ಮತ್ತೊಮ್ಮೆ. 19 ರೋಗಿಗಳಲ್ಲಿ ಯೋಜನೆಯನ್ನು ತಿದ್ದಿಕೊಳ್ಳಲು ಮಾದರಿ ನೆರವಾಯಿತು. 21ರಲ್ಲಿ ಯೋಜನೆ ಬದಲಾಗಲಿಲ್ಲ. ಪತ್ರಿಕೆಗಳಲ್ಲಿ 19ರ ಸುದ್ದಿಯೇ ಬರುತ್ತದೆ. ನನಗೆ 21 ಕೂಡ ಅಷ್ಟೇ ಮುಖ್ಯ. ಅನುಭವಿ ವೈದ್ಯರು ಚಿತ್ರ ನೋಡಿಯೇ ಸರಿಯಾಗಿ ಊಹಿಸಿದ್ದರು ಎಂದರ್ಥ. ಅಂಥ ಕಡೆ ಮಾದರಿ ಧೈರ್ಯ ಕೊಟ್ಟಿರಬಹುದು, ಕಲಿಯುವ ಕಿರಿಯರಿಗೆ ಸಹಾಯವಾಗಿರಬಹುದು. ಆದರೆ ಎಲ್ಲ ರೋಗಿಗೂ ಮಾದರಿ ಬೇಕು ಎಂದು ಹೇಳಿದರೆ ಅದು ಸತ್ಯವಲ್ಲ. ಸರಳವಾದ ಮುರಿತಕ್ಕೆ, ನೂರಾರು ಬಾರಿ ಮಾಡಿ ಕೈ ಕೂತ ಆಪರೇಷನ್‌ಗೆ ಇದರ ಅಗತ್ಯವಿಲ್ಲ.

ಎಲ್ಲಿ ಅತ್ಯಗತ್ಯ ಎಂದರೆ ಹಿಂದೆ ಯಾರೂ ನೋಡಿರದ ಅಂಗರಚನೆ ಎದುರಾದಾಗ. ತಲೆ ಕೂಡಿಕೊಂಡು ಹುಟ್ಟಿದ ಗ್ವಾಟೆಮಾಲಾದ ಅವಳಿ ಹೆಣ್ಣುಮಕ್ಕಳನ್ನು 2002ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ ಬೇರ್ಪಡಿಸಿದಾಗ ವೈದ್ಯರ ಕೈಯಲ್ಲಿ ಇಂಥ ಮಾದರಿಗಳಿದ್ದವು. ಅಂಥ ಮಕ್ಕಳಲ್ಲಿ ಮಿದುಳಿನಿಂದ ರಕ್ತ ಹೊರಹೋಗುವ ದೊಡ್ಡ ಸಿರೆಗಳು ಇಬ್ಬರಿಗೂ ಹಂಚಿಹೋಗಿರುತ್ತವೆ. ಯಾವುದು ಯಾರಿಗೆ ಎಂಬ ತೀರ್ಮಾನ ಆಪರೇಷನ್ ಮೇಜಿನ ಮೇಲೆ ಆಗುವಂಥದ್ದಲ್ಲ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಪಾಕಿಸ್ತಾನದ ಅವಳಿಗಳನ್ನು 2018-19ರಲ್ಲಿ ಮೂರು ಹಂತಗಳಲ್ಲಿ ಬೇರ್ಪಡಿಸಿದ ತಂಡವೂ ಮಾದರಿಗಳ ಮೇಲೆ ಮೊದಲು ಅಭ್ಯಾಸ ಮಾಡಿತ್ತು.

ಮಾದರಿಯನ್ನು ನಂಬಬಾರದ ಸಂದರ್ಭಗಳೂ ಇವೆ. ಬೇಗ ಬೆಳೆಯುವ ಕ್ಯಾನ್ಸರ್ ಇದ್ದು, ಸ್ಕ್ಯಾನ್ ಆಗಿ ವಾರಗಳು ಕಳೆದಿದ್ದರೆ ಮಾದರಿ ತೋರಿಸುವುದು ಹಳೆಯ ಗೆಡ್ಡೆಯನ್ನು. ಗೆಡ್ಡೆಯ ಹಳೆಯ ಅಂಚಿಗೆ ಮಾಡಿದ ಕಟಿಂಗ್ ಗೈಡ್ ಆಗ ಕೆಲಸಕ್ಕೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿ ಕಾಯುವ ಬಡವರಿಗೇ ಈ ತೊಂದರೆ ಹೆಚ್ಚು. ಇನ್ನು ಓಟಿಯೊಳಗೆ ಏನು ಹೋಗಬಹುದು ಎಂಬ ಎಚ್ಚರ. ಅಗ್ಗದ ಪ್ರಿಂಟರುಗಳಲ್ಲಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಬಿಸಿ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್ ಯಂತ್ರ 121 ಅಥವಾ 134 ಡಿಗ್ರಿಯಲ್ಲಿ ನಡೆಯುತ್ತದೆ. ಅದರಲ್ಲಿಟ್ಟ ಪಿಎಲ್‌ಎ ದವಡೆ ಸೊಟ್ಟಗಾಗಿ ಹೊರಬರುತ್ತದೆ. ಹೊರಬಂದದ್ದು ಸ್ವಲ್ಪವೇ ಸೊಟ್ಟಗಾಗಿದ್ದರೆ ಇನ್ನೂ ಅಪಾಯ, ಯಾರಿಗೂ ತಿಳಿಯುವುದಿಲ್ಲ. ನೋಡಲು ಮಾತ್ರ ಬೇಕಾದ ಮಾದರಿಯನ್ನು ಶುದ್ಧ ಪಾರದರ್ಶಕ ಹೊದಿಕೆಯಲ್ಲಿ ಹಾಕಿ ಇಟ್ಟುಕೊಳ್ಳಬಹುದು. ಮೈಗೆ ತಾಗುವ ಗೈಡಿಗೆ ಅದಕ್ಕೆಂದೇ ಪರೀಕ್ಷೆಯಾದ ರೆಸಿನ್ ಅಥವಾ ನೈಲಾನ್ ಬೇಕು, ಕ್ರಿಮಿಶುದ್ಧಿಯ ನಂತರವೂ ಅಳತೆ ನೋಡಬೇಕು. ಇದರಲ್ಲಿ ರಾಜಿ ಸಲ್ಲದು.

ಹಣದ ಪ್ರಶ್ನೆಗೆ ಬ್ರೆಜಿಲ್ ಕಡೆ ನೋಡಿ ಎನ್ನುತ್ತೇನೆ. ಅಲ್ಲಿನ ಕಂಪೀನಾಸ್ ಎಂಬ ಊರಿನಲ್ಲಿ ರೆನಾಟೊ ಆರ್ಚರ್ ಹೆಸರಿನ ಸರ್ಕಾರಿ ಮಾಹಿತಿ ತಂತ್ರಜ್ಞಾನ ಕೇಂದ್ರವಿದೆ. ಹೊರದೇಶದ ಸಾಫ್ಟ್‌ವೇರಿಗೆ ಹಣ ತೆತ್ತು ತಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಇದನ್ನು ಮುಟ್ಟಿಸಲಾಗದು ಎಂದು ಕಂಡ ಅವರು 2001ರಲ್ಲಿ ತಮ್ಮದೇ ಒಂದನ್ನು ಬರೆಯಲು ಶುರುಮಾಡಿದರು. ಹದಿನಾರನೆಯ ಶತಮಾನದ ಅಂಗರಚನಾ ಶಾಸ್ತ್ರಜ್ಞ ವೆಸೇಲಿಯಸ್ ನೆನಪಿಗೆ ಇನ್‌ವೆಸೇಲಿಯಸ್ ಎಂದು ಹೆಸರಿಟ್ಟರು. ಈಗ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಬಳಸಬಹುದು. ಅದೇ ಕೇಂದ್ರ ಅಲ್ಲಿಯ ಸಾರ್ವಜನಿಕ ಆಸ್ಪತ್ರೆಗಳ ಶಸ್ತ್ರವೈದ್ಯರಿಗೆ ಮಾದರಿಗಳನ್ನು ಮಾಡಿಕೊಡುತ್ತದೆ. 3ಡಿ ಸ್ಲೈಸರ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಕೂಡ ಇದೆ. ನಮ್ಮಲ್ಲಿ ವೈದ್ಯಕೀಯ ಕಾಲೇಜುಗಳಿಗೂ ಬರವಿಲ್ಲ, ಎಂಜಿನಿಯರಿಂಗ್ ಕಾಲೇಜುಗಳಿಗೂ ಬರವಿಲ್ಲ. ಒಂದೇ ಊರಿನಲ್ಲಿ ಎರಡೂ ಇದ್ದು, ಒಬ್ಬರ ಮುಖ ಒಬ್ಬರು ನೋಡದ ಕಡೆಗಳೇ ಹೆಚ್ಚು. ಎಷ್ಟೋ ಕಡೆ ಪ್ರಿಂಟರ್ ಕೊಂಡು ಉದ್ಘಾಟನೆಯ ರಿಬ್ಬನ್ ಕತ್ತರಿಸಿ ಸುಮ್ಮನಾಗುತ್ತಾರೆ. ಮೊದಲು ನೇಮಿಸಬೇಕಾದದ್ದು ಸ್ಕ್ಯಾನ್ ಓದಲು ಬಲ್ಲ, ವೈದ್ಯರ ಜೊತೆ ವಾದ ಮಾಡಲು ಹಿಂಜರಿಯದ ಒಬ್ಬ ಮನುಷ್ಯನನ್ನು. ಪ್ರಿಂಟರನ್ನು ಆಮೇಲೆ ಕೊಂಡರೂ ನಡೆಯುತ್ತದೆ, ಹೊರಗೆ ಕೊಟ್ಟು ಮಾಡಿಸಿದರೂ ನಡೆಯುತ್ತದೆ.

ಮಾದರಿಯ ಇನ್ನೊಂದು ಉಪಯೋಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಪರೇಷನ್‌ಗೆ ಒಪ್ಪಿಗೆ ಪಡೆಯುವಾಗ ವೈದ್ಯರು ಮಾದರಿಯನ್ನು ರೋಗಿಯ ಕೈಗೇ ಕೊಟ್ಟರು. ಹಳ್ಳಿಯಿಂದ ಬಂದ ಯಜಮಾನರು, ಜೊತೆಗೆ ಹೆಂಡತಿ, ಮಗ. ಅಷ್ಟು ಹೊತ್ತು ವೈದ್ಯರು ಹೇಳಿದ್ದಕ್ಕೆಲ್ಲ "ನೀವು ಹೆಂಗೆ ಹೇಳ್ತೀರೋ ಹಂಗೆ ಸ್ವಾಮಿ" ಎನ್ನುತ್ತಿದ್ದವರು ದವಡೆಯನ್ನು ತಿರುಗಿಸಿ ನೋಡಿದರು. ಆಮೇಲೆ ಒಂದೊಂದೇ ಪ್ರಶ್ನೆ ಬಂತು. "ಈ ಹಲ್ಲು ಉಳೀತದಾ? ಕಾಲಿನ ಮೂಳೆ ಇಲ್ಲಿಗೆ ಬರೋದಾ? ರೊಟ್ಟಿ ಅಗೀಬಹುದಾ?" ಅವರ ಹೆಂಡತಿ ಕತ್ತರಿಸುವ ಗೆರೆಯ ಮೇಲೆ ಬೆರಳಿಟ್ಟು, "ಇಷ್ಟು ದೂರ ಯಾಕೆ? ಗೆಡ್ಡೆ ಇಲ್ಲಿಗೇ ನಿಂತದಲ್ಲ" ಎಂದು ಕೇಳಿದರು. ಅಂಚಿನಲ್ಲಿ ಒಳ್ಳೆಯ ಮೂಳೆಯನ್ನೂ ಏಕೆ ತೆಗೆಯಬೇಕು ಎಂಬುದನ್ನು ವೈದ್ಯರು ಆಗ ಬಿಡಿಸಿ ಹೇಳಿದರು. ಸಹಿ ಹಾಕಿದ ಒಪ್ಪಿಗೆ ಪತ್ರ ಎಲ್ಲ ಕಡೆಯೂ ಇರುತ್ತದೆ. ಕೇಳಿ, ತಿಳಿದು ಒಪ್ಪಿದ್ದು ಅಲ್ಲಿ ನಡೆಯಿತು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ತಾಯಿ ಕೇಳಿದರು: "ನಮ್ಮ ಮನೆಯವರಿಗೆ ದವಡೆ ಆಪರೇಷನ್ ಹೇಳಿದ್ದಾರೆ. ಮಾದರಿ ಮಾಡಿಸಿ ಅಂತ ನಾವು ಒತ್ತಾಯ ಮಾಡಬೇಕಾ?"

ಒತ್ತಾಯ ಬೇಡ ಅಮ್ಮಾ, ಕೇಳಿ ನೋಡಿ. ನಿಮ್ಮ ವೈದ್ಯರು "ಇದಕ್ಕೆ ಬೇಕಿಲ್ಲ" ಎಂದು ಕಾರಣ ಹೇಳಿದರೆ ಅದನ್ನು ನಂಬಬಹುದು. ಮಾದರಿ ಮಾಡಿಸುವುದಕ್ಕೆಂದು ಕ್ಯಾನ್ಸರ್ ಆಪರೇಷನ್ನನ್ನು ಮುಂದೂಡಬೇಡಿ. ಸ್ಕ್ಯಾನ್ ಮಾಡಿಸುವಾಗ ಮಾತ್ರ ಫಿಲ್ಮಿನ ಜೊತೆ ಸಿಡಿಯನ್ನೂ ಕೇಳಿ ಇಸಿದುಕೊಳ್ಳಿ. ಅದು ಮಾದರಿಗೆ ಬೇಕಾಗದಿದ್ದರೂ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವಾಗ ಬೇಕಾಗುತ್ತದೆ.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಕೇಳಿದಳು: "ಸರ್, ಈ ಕೆಲಸಕ್ಕೆ ಬರಬೇಕು ಅಂದರೆ ಯಾವ ಸಾಫ್ಟ್‌ವೇರ್ ಕಲಿಯಲಿ?"

3ಡಿ ಸ್ಲೈಸರ್ ಅಥವಾ ಇನ್‌ವೆಸೇಲಿಯಸ್, ಯಾವುದಾದರೂ ಸರಿಯಮ್ಮ, ಕೆಲವು ವಾರಗಳಲ್ಲಿ ಕೈಗೆ ಹತ್ತುತ್ತದೆ. ಹೆಸರು ಅಳಿಸಿದ ಉಚಿತ ಸ್ಕ್ಯಾನುಗಳು ಅಂತರ್ಜಾಲದಲ್ಲಿ ಸಿಗುತ್ತವೆ, ಒಂದು ಕೆಳದವಡೆಯಿಂದಲೇ ಶುರುಮಾಡು. ಜೊತೆಗೆ ನಿಮ್ಮ ಊರಿನ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಹೋಗಿ, ಅನುಮತಿ ಕೇಳಿ, ನಿಜವಾದ ತಲೆಬುರುಡೆಯೊಂದನ್ನು ಬೆಳಕಿಗೆ ಹಿಡಿದು ನೋಡು. ಕಣ್ಣಿನ ಗೂಡಿನ ಗೋಡೆಯ ಮೂಲಕ ಬೆಳಕು ಹಾಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಅಲ್ಲಿ ತೂತು ಕಂಡಾಗ ಅದನ್ನು ಏನು ಮಾಡಬೇಕೆಂದು ನಿನಗೆ ಬೇರೆಯವರು ಹೇಳಬೇಕಾಗುವುದಿಲ್ಲ.